ನೀರಿನ ನಾಡಿನಲ್ಲಿ ಅರವಟ್ಟಿಗೆ

ಬೇಸಗೆ ಬಂತೆಂದರೆ ನಮ್ಮ ನಾಡಿನ ಬೀದಿಗಳಲ್ಲಿ ಅಲ್ಲಲ್ಲಿ ತೆಂಗಿನ ಗರಿಯ ಚಪ್ಪರವೊಂದು ಏಳುವುದುಂಟು. ಅದರ ನೆರಳಿನಲ್ಲಿ ಮರಳಿನ ಮೇಲೆ ಕುಳ್ಳಿರಿಸಿದ ಮಣ್ಣಿನ ಗುಡಾಣ, ಒಂದೆರಡು ಲೋಟ, ನೀರು ಕೊಡಲು ನಿಂತ ಒಬ್ಬರು. ಇದನ್ನೇ ಹಿರಿಯರು ಅರವಟ್ಟಿಗೆ ಎಂದು ಕರೆದರು. ಕೆರೆ ಕಟ್ಟಿಸಿದವರ ಹಾಗೆಯೇ ಅರವಟ್ಟಿಗೆ ಇಡಿಸಿದವರ ಪುಣ್ಯವನ್ನೂ ಕನ್ನಡ ಶಾಸನಗಳು ಹೇಳಿವೆ. ಬಯಲುಸೀಮೆಯಲ್ಲಿ ಇದರ ಅಗತ್ಯವನ್ನು ಯಾರೂ ವಿವರಿಸಬೇಕಾಗಿಲ್ಲ. ಯುಗಾದಿಯ ಮುನ್ನ ಉತ್ತರ ಕರ್ನಾಟಕದ ಭಕ್ತರು ಕಾಲ್ನಡೆಯಲ್ಲಿ ಶ್ರೀಶೈಲಕ್ಕೆ ಹೊರಡುವರು. ಉರಿಬಿಸಿಲಿನ ಬಯಲನ್ನೂ ನಲ್ಲಮಲೆಯ ಅಡವಿಯನ್ನೂ ಅವರು ದಾಟಬಲ್ಲರೆಂದರೆ, ಅದಕ್ಕೆ ದಾರಿಯುದ್ದಕ್ಕೂ ನೀರು ಅನ್ನಗಳನ್ನಿಟ್ಟುಕೊಂಡು ಕಾಯುವ ಜನರೇ ಕಾರಣ.

ಆದರೆ ನಾವು ಇಲ್ಲಿ ಹೇಳಹೊರಟಿರುವುದು ಕೇರಳದ ಮಾತು. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುವ, 44 ನದಿಗಳು ಹರಿಯುವ ಆ ನಾಡಿನಲ್ಲಿ ದಾರಿಹೋಕನಿಗೆ ನೀರು ಕೊಡುವವರೇಕೆ ಬೇಕಾದರು? ನಮಗೂ ಮೊದಲು ಇದು ವಿಚಿತ್ರವಾಗಿಯೇ ತೋರಿತು.

ಕೊಚ್ಚಿಯನ್ನೇ ನೋಡೋಣ. ಮೂರು ಕಡೆ ಹಿನ್ನೀರು, ಒಂದು ಕಡೆ ಕಡಲು. ಕಣ್ಣು ಹಾಯಿಸಿದಲ್ಲೆಲ್ಲ ನೀರು, ಕುಡಿಯಹೋದರೆ ಉಪ್ಪು. ಬೇಸಗೆಯಲ್ಲಿ ನದಿಗಳ ಹರಿವು ಕುಗ್ಗಿದಂತೆ ಸಮುದ್ರದ ನೀರು ಒಳನುಗ್ಗುವುದು. ನಲ್ಲಿ ಬರುವ ಮುನ್ನ ಆ ಊರಿನವರು ಆಲುವಾದ ಕಡೆಯಿಂದ ಪೆರಿಯಾರ್ ನದಿಯ ಸಿಹಿನೀರನ್ನು ದೋಣಿಗಳಲ್ಲಿ ತರಿಸಿಕೊಳ್ಳುತ್ತಿದ್ದರು. 1914ರಲ್ಲಿ ಚೊವ್ವರದಿಂದ ಕೊಳವೆಯ ಮೂಲಕ ನೀರು ಬಂದಿತು. ತಿರುವನಂತಪುರಕ್ಕೆ ಅರುವಿಕ್ಕರದ ನೀರು ದೊರೆತದ್ದು 1933ರಲ್ಲಿ.

ಊರ ಹೊರಗಿನ ದಾರಿಯ ಕಷ್ಟವೇ ಬೇರೆ. ಕೇರಳದಲ್ಲಿ ಬಾವಿಗಳಿಗೆ ಬರವಿಲ್ಲ. ಹೆಚ್ಚುಕಡಿಮೆ ಮನೆಗೊಂದು ಬಾವಿ. ಆದರೆ ಅದು ಮನೆಯ ಅಂಗಳದಲ್ಲಿರುವುದು, ಬೇಲಿಯ ಒಳಗಿರುವುದು. ಜಂಬಿಟ್ಟಿಗೆಯ ನೆಲದಲ್ಲಿ ಮಳೆನೀರು ಬಹುಕಾಲ ನಿಲ್ಲದು. ಫೆಬ್ರವರಿ ಕಳೆದರೆ ಎಷ್ಟೋ ಬಾವಿಗಳ ತಳ ಕಾಣುವುದು. ಹೀಗೆ ನಡೆದು ಬಂದವನಿಗೆ ನೀರು ಸಿಗಬೇಕಾದರೆ ಯಾರೋ ಒಬ್ಬರು ಅದನ್ನು ಬೇಲಿಯಿಂದ ಹೊರಗೆ ತಂದು ಇಡಬೇಕಾಗಿತ್ತು. ಅದಕ್ಕೆ ಮಲೆಯಾಳದಲ್ಲಿ ‘ತಣ್ಣೀರ್ ಪಂದಲ್’ ಎಂದು ಹೆಸರು. ಅದರ ಜೊತೆಗೆ ದಣಿದವರು ತಂಗಲು ‘ವಳಿಯಂಬಲ’ವೆಂಬ ಮಂಟಪ, ತಲೆಹೊರೆ ಇಳಿಸಲು ‘ಅತ್ತಾಣಿ’. ಎರಡು ಕಲ್ಲುಗಳನ್ನು ನೆಟ್ಟು, ಮೂರನೆಯದನ್ನು ಅಡ್ಡಲಾಗಿ ಮೇಲಿಟ್ಟರೆ ಅತ್ತಾಣಿಯಾಯಿತು. ಅದರ ಎತ್ತರವೇ ಅದರ ಜಾಣ್ಮೆ: ಇನ್ನೊಬ್ಬರ ಕೈ ಬೇಡದೆ ಹೊರೆಯನ್ನು ಅದರ ಮೇಲೆ ಜಾರಿಸಬಹುದು, ಮತ್ತೆ ತಲೆಗೇರಿಸಿಕೊಳ್ಳಲೂಬಹುದು. ಇಂದು ಕೊಚ್ಚಿಯ ವಿಮಾನ ನಿಲ್ದಾಣಕ್ಕೆ ಹೆದ್ದಾರಿಯಿಂದ ತಿರುಗುವ ಕೂಡುರಸ್ತೆಯ ಹೆಸರೂ ಅತ್ತಾಣಿಯೇ. (ನಮ್ಮ ಬೆಳಗಾವಿ ಜಿಲ್ಲೆಯ ಅಥಣಿಯೊಡನೆ ಇದನ್ನು ಬೆರೆಸಬಾರದು.)

ತಣ್ಣೀರ್ ಪಂದಲಿನಲ್ಲಿ ಬರಿಯ ನೀರಿಗಿಂತ ‘ಸಂಭಾರ’ಕ್ಕೆ ಹೆಚ್ಚು ಮರ್ಯಾದೆ. ನೀರು ಮಜ್ಜಿಗೆಗೆ ಉಪ್ಪು, ಜಜ್ಜಿದ ಶುಂಠಿ, ಹಸಿಮೆಣಸಿನಕಾಯಿ, ಕರಿಬೇವು ಸೇರಿಸಿದರೆ ಸಂಭಾರ. ರಾಮನವಮಿಯ ದಿನ ನಾವು ಕುಡಿಯುವ ಮಜ್ಜಿಗೆಯ ಹತ್ತಿರದ ನಂಟು ಇದು. ಇದರಲ್ಲಿ ರುಚಿಯೊಂದೇ ಅಲ್ಲ, ಒಂದು ಶಾಸ್ತ್ರವೂ ಅಡಗಿದೆ. ಬೆವರು ಆರಿದಾಗ ಮೈ ತಂಪಾಗುವುದು. ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚಾದುದರಿಂದ ಬೆವರು ಆರದೆ ಮೈಮೇಲೆ ಹರಿದುಹೋಗುವುದು. ಮೈ ತಂಪಾಗದು, ಒಳಗಿನ ಉಪ್ಪು ಮಾತ್ರ ಕಳೆದುಹೋಗುವುದು. ಬರಿಯ ನೀರನ್ನು ಎಷ್ಟು ಕುಡಿದರೂ ಕಳೆದ ಉಪ್ಪು ಬರಲಾರದು. ಉಪ್ಪು ಬೆರೆತ ಮಜ್ಜಿಗೆ ಆ ನಷ್ಟವನ್ನು ಸ್ವಲ್ಪಮಟ್ಟಿಗಾದರೂ ತುಂಬಿಕೊಡುವುದು.

ದಾರಿಯ ನೀರಿನ ಚಿಂತೆ ಬಹಳ ಹಳೆಯದು. ಅಶೋಕನು ತನ್ನ ಎರಡನೆಯ ಬಂಡೆಶಾಸನದಲ್ಲಿ, ದಾರಿಗಳಲ್ಲಿ ಮನುಷ್ಯರಿಗೂ ಪಶುಗಳಿಗೂ ಉಪಯೋಗವಾಗಲೆಂದು ಬಾವಿಗಳನ್ನು ತೋಡಿಸಿದುದನ್ನು ಹೇಳುವಾಗ, ತನ್ನ ರಾಜ್ಯದ ಹೊರಗಿನ ‘ಕೇರಳಪುತ್ರ’ರನ್ನೂ ಹೆಸರಿಸಿದ್ದಾನೆ.

ಇಷ್ಟು ಹೇಳಿ ನಿಲ್ಲಿಸಿದರೆ ಚಿತ್ರ ಸುಂದರವಾಗಿಯೇ ಇರುವುದು; ಆದರೆ ಸತ್ಯವಾಗಿರದು. ಆ ನೀರು ಎಲ್ಲರ ನೀರಾಗಿರಲಿಲ್ಲ. ಲೋಟವನ್ನು ಕೈಗೆ ಕೊಡುವುದು ಕೆಲವರಿಗೆ ಮಾತ್ರ. ಕೆಲವರ ಬೊಗಸೆಗೆ ಮುಟ್ಟದಂತೆ ಮೇಲಿನಿಂದ ಸುರಿಯುವುದು. ಇನ್ನು ಕೆಲವರು ಆ ದಾರಿಯಲ್ಲಿ ಕಾಲಿಡುವುದೇ ಅಪರಾಧ. ತಲೆಯ ಮೇಲೆ ಅತ್ಯಂತ ಭಾರ ಹೊತ್ತವನಿಗೆ ಬಾವಿ ಅತ್ಯಂತ ದೂರವಾಗಿತ್ತು. ಮಲೆಯಾಳದ ಮಹಾಕವಿ ಕುಮಾರನ್ ಆಶಾನರು 1922ರಲ್ಲಿ ‘ಚಂಡಾಲಭಿಕ್ಷುಕಿ’ಯನ್ನು ಬರೆದಾಗ ಆರಿಸಿಕೊಂಡದ್ದು ಈ ವಿಷಯವನ್ನೇ. ಬುದ್ಧನ ಶಿಷ್ಯ ಆನಂದನು ನಡುಹಗಲಿನಲ್ಲಿ ಬಾಯಾರಿ ಬಾವಿಯ ಬಳಿಗೆ ಬರುವನು. ನೀರು ಸೇದುತ್ತಿದ್ದ ಚಂಡಾಲ ಕನ್ಯೆ ಕೊಡಲು ಅಂಜುವಳು. ಕುಲದ ಮಾತನ್ನು ಬದಿಗಿರಿಸಿ ಆತನು ನೀರನ್ನು ಬೇಡುವನು. ಈ ಕವಿಗಳು ತಾರುಣ್ಯದಲ್ಲಿ ಸಂಸ್ಕೃತ ಕಲಿಯಲು ಬಂದದ್ದು ಬೆಂಗಳೂರಿಗೆ. ಅದಕ್ಕೆ ನೆರವಾದವರು ಮೈಸೂರು ಸಂಸ್ಥಾನದಲ್ಲಿ ವೈದ್ಯರಾಗಿದ್ದ ಡಾಕ್ಟರ್ ಪಲ್ಪು.

1924ರಲ್ಲಿ ವೈಕಂ ದೇವಾಲಯದ ಸುತ್ತಲಿನ ಬೀದಿಗಳಲ್ಲಿ ಎಲ್ಲರೂ ನಡೆಯಬೇಕೆಂದು ಸತ್ಯಾಗ್ರಹ ನಡೆಯಿತು. ಆ ವರ್ಷದ ನವೆಂಬರಿನಲ್ಲಿ ಮನ್ನತ್ತು ಪದ್ಮನಾಭನ್ ಅವರ ಮುಂದಾಳುತನದಲ್ಲಿ ಸವರ್ಣೀಯರ ತಂಡವೊಂದು ಇದೇ ಬೇಡಿಕೆಯನ್ನು ಹೊತ್ತು ವೈಕಂನಿಂದ ತಿರುವನಂತಪುರದವರೆಗೆ ಕಾಲ್ನಡೆಯಲ್ಲಿ ಹೋಯಿತು. 1936ರ ನವೆಂಬರ್ 12ರಂದು ತಿರುವಾಂಕೂರಿನ ಮಹಾರಾಜರು ದೇವಾಲಯಗಳನ್ನು ಎಲ್ಲ ಹಿಂದೂಗಳಿಗೂ ತೆರೆದರು. ಬಾವಿ, ಕೆರೆ, ರಸ್ತೆಗಳ ಬಳಕೆಗೆ ಜಾತಿಯ ಕಾರಣದಿಂದ ಅಡ್ಡಿಮಾಡಕೂಡದೆಂದು 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 15ನೆಯ ಅನುಚ್ಛೇದ ಸ್ಪಷ್ಟವಾಗಿ ನುಡಿಯಿತು. ಬಾವಿಯ ಹೆಸರು ಸಂವಿಧಾನದಲ್ಲಿ ಬರಬೇಕಾಯಿತೆಂಬುದನ್ನು, ಶಾಲೆಯ ನಲ್ಲಿಯ ಬಳಿ ನಿತ್ಯ ನೂಕಾಡುವ ನಾವು ನೆನೆಯುವುದು ಅಪರೂಪ.

ಇಂದು ಕೇರಳದಲ್ಲಿ ಹೊರೆ ಹೊತ್ತು ದೂರ ನಡೆಯುವವರು ಕಾಣಸಿಗುವುದಿಲ್ಲ. ನಡೆಯುವವರೆಲ್ಲ ಬಹುಪಾಲು ಯಾತ್ರಿಕರು. ಡಿಸೆಂಬರ್ ಕೊನೆಯಲ್ಲಿ ಹಳದಿ ವಸ್ತ್ರ ಧರಿಸಿದ ತಂಡಗಳು ನಾರಾಯಣ ಗುರುಗಳ ಸಮಾಧಿಯಿರುವ ವರ್ಕಲೆಯ ಶಿವಗಿರಿಗೆ ನಡೆಯುವುವು. ಈಸ್ಟರ್ ಹಬ್ಬಕ್ಕೆ ಮುಂಚಿನ ವ್ರತದ ದಿನಗಳಲ್ಲಿ ಕೊಚ್ಚಿಯ ಕಡೆಯ ಕ್ರೈಸ್ತರು ಮರದ ಶಿಲುಬೆಗಳನ್ನು ಹೆಗಲಿಗೇರಿಸಿ ಕಾಲಡಿಯ ಆಚೆಗಿರುವ ಮಲಯಾಟ್ಟೂರಿನ ಬೆಟ್ಟಕ್ಕೆ ಹೋಗುವರು. ಕಾಲಡಿ ಶಂಕರಾಚಾರ್ಯರ ಜನ್ಮಸ್ಥಳ. 1910ರಲ್ಲಿ ಶೃಂಗೇರಿಯ ಜಗದ್ಗುರುಗಳು ಅಲ್ಲಿ ದೇವಾಲಯಗಳನ್ನು ಪ್ರತಿಷ್ಠಾಪಿಸಿದರು. ಮಲಯಾಟ್ಟೂರಿನ ಯಾತ್ರೆ ಬೀಳುವುದು ಕಡುಬೇಸಗೆಯಲ್ಲಿ. ಆದುದರಿಂದ ಅನೇಕರು ಇರುಳಿನಲ್ಲಿ ನಡೆಯುವರು. ದಾರಿಯಲ್ಲಿ ಯುವಕರು ಮೇಜು ಹಾಕಿ, ನಿಂಬೆಹಣ್ಣಿನ ಪಾನಕ, ಸಂಭಾರ, ಕುದಿಸಿದ ನೀರುಗಳನ್ನು ಹಂಚುವರು. ಆ ನೀರು ಗುಲಾಬಿ ಬಣ್ಣದ್ದಾಗಿದ್ದರೆ ಹೊಸಬರು ಅಂಜಬೇಕಾಗಿಲ್ಲ. ಪದಿಮುಗಂ ಎಂಬ ಮರದ ಚಕ್ಕೆಯನ್ನು ಹಾಕಿ ಕುದಿಸಿದ ಗುರುತು ಅದು.

ತಿರುವನಂತಪುರದ ಆಟ್ಟುಕಾಲ್ ಪೊಂಗಾಲದ ದಿನ ಲಕ್ಷಾಂತರ ಹೆಂಗಸರು ಬೀದಿಯಲ್ಲೇ ಇಟ್ಟಿಗೆಯ ಒಲೆ ಹೂಡಿ ಬಿಸಿಲಿನಲ್ಲಿ ಕುಳಿತಿರುವಾಗಲೂ ಹೀಗೆಯೇ ನೀರು ಹಂಚುವವರು ಓಡಾಡುವರು. ಪ್ಲಾಸ್ಟಿಕ್ ಬೇಡವೆಂಬ ನಿಯಮ ಬಂದ ಮೇಲೆ ಸ್ಟೀಲ್ ಲೋಟಗಳು ಮತ್ತೆ ಕಾಣಿಸಿಕೊಂಡಿವೆ. ತೊಳೆಯುವ ಕೆಲಸವೂ ಹೆಚ್ಚಿದೆ. 2023ರ ಮಾರ್ಚಿನಲ್ಲಿ ಬಿಸಿಲು ಮಿತಿಮೀರಿದಾಗ ಕೇರಳ ಸರ್ಕಾರವು ಸ್ಥಳೀಯ ಸಂಸ್ಥೆಗಳ ಮೂಲಕ ಎಲ್ಲೆಡೆ ನೀರಿನ ಚಪ್ಪರಗಳನ್ನು ತೆರೆಯಲು ಹೊರಟಿತು. ಅದಕ್ಕೆ ಹೊಸ ಹೆಸರನ್ನೇನೂ ಹುಡುಕಲಿಲ್ಲ. ತಣ್ಣೀರ್ ಪಂದಲ್ ಎಂದೇ ಕರೆದರು. ಅಲ್ಲಿ ಲೋಟ ಚಾಚಿದವರ ಹೆಸರನ್ನಾಗಲಿ ಊರನ್ನಾಗಲಿ ಯಾರೂ ಕೇಳುವುದಿಲ್ಲ. ಕೇಳುವುದಾದರೆ ಇನ್ನೊಂದು ಲೋಟ ಬೇಕೇ ಎಂದು ಮಾತ್ರ.