ರಾತ್ರಿಯಾಗದ ದ್ವೀಪದಲ್ಲಿ ಒಬ್ಬಳು

ಜೂನ್ ತಿಂಗಳಲ್ಲಿ ರ‍್ಯಾಂಗಲ್ ದ್ವೀಪದ ಸೂರ್ಯ ಮುಳುಗುವುದಿಲ್ಲ. ದಿಗಂತದ ಅಂಚಿಗೆ ಇಳಿದಂತೆ ಮಾಡಿ ಮತ್ತೆ ಮೇಲೇರುತ್ತಾನೆ. ಸೈಬೀರಿಯಾದ ಉತ್ತರಕ್ಕೆ, ಆರ್ಕ್ಟಿಕ್ ಸಾಗರದಲ್ಲಿರುವ ಈ ನೆಲದ ಮೇಲೆ ಹೇಳಿಕೊಳ್ಳಲು ಒಂದು ಮರವಿಲ್ಲ. ಒಲೆ ಉರಿಸಲು ಅಲೆಗಳು ದಡಕ್ಕೆ ತಂದೊಗೆದ ದಿಮ್ಮಿಗಳೇ ಗತಿ. ಕಡಲಹಕ್ಕಿಗಳ ಕೂಗು, ಮಂಜುಗಡ್ಡೆ ಬಿರಿಯುವ ಸದ್ದು, ಗಾಳಿಗೆ ಪಟಪಟ ಬಡಿದುಕೊಳ್ಳುವ ಗುಡಾರ. 1923ರ ಜೂನ್ ಕೊನೆಯಲ್ಲಿ ಆ ಗುಡಾರದೊಳಗಿಂದ ಟೈಪ್‌ರೈಟರ್ ಸದ್ದೂ ಕೇಳಿಸಿತು.

ಕೀಲಿ ಒತ್ತುತ್ತಿದ್ದವಳು ಅಡಾ ಬ್ಲ್ಯಾಕ್‌ಜಾಕ್. ಅಲಾಸ್ಕದ ಇನುಪಿಯಾಟ್ ಜನಾಂಗದವಳು, ವಯಸ್ಸು ಇಪ್ಪತ್ತೈದರ ಆಸುಪಾಸು. ತಂಡದ ಜೊತೆಗಾರ ಲಾರ್ನ್ ನೈಟ್ ತೀರಿಕೊಂಡಿದ್ದಾನೆ, ತಾರೀಖು ಜೂನ್ 23, ಎಷ್ಟು ಹೊತ್ತಿಗೆ ಹೋದನೋ ತಿಳಿಯದು ಎಂದು ಆಕೆ ಬರೆದಿಡುತ್ತಿದ್ದಳು. ಓದುವವರು ಬರುತ್ತಾರೋ ಇಲ್ಲವೋ, ಲೆಕ್ಕ ಮಾತ್ರ ತಪ್ಪಬಾರದು.

ಅವಳು ಬಂದದ್ದು ಹೊಲಿಗೆ ಕೆಲಸಕ್ಕೆ. ವಿಲ್ಯಾಲ್ಮರ್ ಸ್ಟೆಫಾನ್ಸನ್ ಎಂಬ ಪರಿಶೋಧಕ ಈ ದ್ವೀಪದ ಮೇಲೆ ಬ್ರಿಟನ್ನಿನ ಬಾವುಟ ನೆಡಿಸಲು 1921ರಲ್ಲಿ ನಾಲ್ವರು ತರುಣರನ್ನು ಕಳಿಸಿದ. ತಾನು ಮಾತ್ರ ಹೋಗಲಿಲ್ಲ. ತರುಣರಿಗೆ ಚರ್ಮದ ಉಡುಪು ಹೊಲಿದುಕೊಡಲು ಒಬ್ಬರು ಬೇಕಿತ್ತು. ತಿಂಗಳಿಗೆ 50 ಡಾಲರ್ ಸಂಬಳ. ಗಂಡ ಕೈಬಿಟ್ಟಿದ್ದ ಅಡಾಗೆ ಬೆನೆಟ್ ಎಂಬ ಮಗನಿದ್ದ. ಅವನಿಗೆ ಕ್ಷಯ. ಸಾಕಲಾಗದೆ ಅನಾಥಾಲಯದಲ್ಲಿ ಬಿಟ್ಟಿದ್ದಳು. ಜೊತೆಗೆ ಬರಬೇಕಿದ್ದ ಇತರ ಸ್ಥಳೀಯರು ಕೊನೆಗಳಿಗೆಯಲ್ಲಿ ಹಿಂದೆ ಸರಿದರು. ಇವಳು ಹಡಗು ಹತ್ತಿದಳು.

ಮಿಷನರಿಗಳ ಶಾಲೆಯಲ್ಲಿ ಬೆಳೆದವಳಿಗೆ ಅಡುಗೆ, ಹೊಲಿಗೆ, ಒಂದಿಷ್ಟು ಇಂಗ್ಲಿಷ್ ಗೊತ್ತಿತ್ತು. ಬೇಟೆ ಗೊತ್ತಿರಲಿಲ್ಲ. ಬಂದೂಕು ಕಂಡರೆ ಅಂಜಿಕೆ, ಹಿಮಕರಡಿಯ ಹೆಸರೆತ್ತಿದರೆ ನಡುಕ. ರ‍್ಯಾಂಗಲ್ ಆದರೋ ಹಿಮಕರಡಿಗಳ ಹೆರಿಗೆಮನೆ.

ತಂದಿದ್ದು ಆರು ತಿಂಗಳ ದಿನಸಿ. 1922ರಲ್ಲಿ ಬರಬೇಕಿದ್ದ ಹಡಗು ಮಂಜುಗಡ್ಡೆ ದಾಟಲಾರದೆ ಹಿಂದಿರುಗಿತು. 1923ರ ಜನವರಿ 28ರಂದು ಮೂವರು ನೆರವು ತರುತ್ತೇವೆಂದು ಹೆಪ್ಪುಗಟ್ಟಿದ ಕಡಲ ಮೇಲೆ ಸೈಬೀರಿಯಾದತ್ತ ನಡೆದರು. ಅವರನ್ನು ಮತ್ತೆ ಯಾರೂ ಕಾಣಲಿಲ್ಲ. ಉಳಿದದ್ದು ಸ್ಕರ್ವಿ ಹಿಡಿದು ಮಲಗಿದ ನೈಟ್, ಅಡಾ, ಮತ್ತು ವಿಕ್ ಎಂಬ ಬೆಕ್ಕು.

ಅಡಾ ಒಂಟಿಯಾಗಿದ್ದದ್ದು ಎರಡು ತಿಂಗಳು ಎಂದು ಬರೆಯುವುದು ವಾಡಿಕೆ. ಆ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಸೌದೆ ಎಳೆದು, ನರಿಗೆ ಬೋನಿಟ್ಟು, ಸಿಕ್ಕಿದ್ದನ್ನು ಬೇಯಿಸಿ, ಹಾಸಿಗೆ ಹಿಡಿದವನ ಬಾಯಿಗಿಟ್ಟರೆ, ನೋವಿನಲ್ಲಿದ್ದ ಆತ ಸರಿಯಾಗಿ ನೋಡಿಕೊಳ್ಳುತ್ತಿಲ್ಲವೆಂದು ಬೈಯುತ್ತಿದ್ದ. ಅಂಥ ತಿಂಗಳುಗಳನ್ನು ಯಾವ ಖಾತೆಗೆ ಹಾಕಬೇಕು? ಜನರ ನಡುವೆಯೇ ಒಬ್ಬಂಟಿಯಾಗುವುದನ್ನು ಅವಳು ಆಗಲೇ ಕಲಿತಿದ್ದಳು.

ನೈಟ್ ಸತ್ತಾಗ ಗುಂಡಿ ತೋಡಿ ಹೂಳುವ ಶಕ್ತಿ ಅವಳಲ್ಲಿರಲಿಲ್ಲ. ಮಲಗುಚೀಲದಲ್ಲಿದ್ದ ಹೆಣವನ್ನು ಮಂಚದ ಮೇಲೆಯೇ ಬಿಟ್ಟು, ಕಾಡುಪ್ರಾಣಿಗಳು ಮುಟ್ಟದಂತೆ ಸುತ್ತ ಪೆಟ್ಟಿಗೆಗಳನ್ನು ಅಡ್ಡಗಟ್ಟಿದಳು. ಸಾಮಾನಿನ ಗುಡಾರಕ್ಕೆ ವಾಸ ಬದಲಿಸಿ, ಕಡಲ ದಿಮ್ಮಿಗಳಿಂದ ಅದನ್ನು ಭದ್ರಪಡಿಸಿದಳು. ಎದ್ದ ಕೂಡಲೇ ಕೈಗೆ ಸಿಗುವಂತೆ ಹಾಸಿಗೆಯ ಮೇಲ್ಗಡೆ ಬಂದೂಕಿಡಲು ಜಾಗ ಮಾಡಿದಳು. ನಮ್ಮ ರೈತರು ಹಂದಿ ಕಾಯಲು ಹೊಲದಲ್ಲಿ ಹಾಕುವ ಅಟ್ಟಣೆಯಂಥದೊಂದನ್ನು ಗುಡಾರದ ಮೇಲೆ ಎಬ್ಬಿಸಿದಳು, ಕರಡಿ ಬರುವುದು ದೂರದಿಂದಲೇ ಕಾಣಲೆಂದು. ಹಕ್ಕಿ ಹೊಡೆದಳು, ಮೊಟ್ಟೆ ಆಯ್ದಳು, ಕೊನೆಗೆ ಸೀಲ್ ಹೊಡೆಯುವಷ್ಟು ಗುರಿಯೂ ಕೈಗೂಡಿತು. ಇದ್ದ ದೋಣಿ ಬಿರುಗಾಳಿಗೆ ಹೋದಾಗ ಇನ್ನೊಂದನ್ನು ಕಟ್ಟಿಕೊಂಡಳು.

ಹೊಟ್ಟೆಪಾಡು ಹೀಗಾಯಿತು, ಮನಸ್ಸಿನದು? ಕತ್ತಲಾಗದ ಊರಲ್ಲಿ ಇಂದು ಮುಗಿದು ನಾಳೆ ಶುರುವಾಯಿತೆಂದು ಹೇಳುವವರಿಲ್ಲ. ಅಡಾ ಬೈಬಲ್ ಓದಿದಳು, ಬೆಕ್ಕನ್ನು ಸಾಕಿದಳು, ಸೂಜಿ ಹಿಡಿದಳು. ತಂಡದ ಕ್ಯಾಮೆರಾ ಬಳಸುವುದನ್ನು ಕಲಿತು ಬಿಡಾರದ ಮುಂದೆ ನಿಂತು ತನ್ನದೇ ಫೋಟೊ ತೆಗೆದುಕೊಂಡಳು. ಮಾರ್ಚ್‌ನಿಂದ ಬರೆದ ದಿನಚರಿಯಲ್ಲಿ ಗೋಳಿಗಿಂತ ಮಾಡಿದ ಕೆಲಸದ ವರದಿಯೇ ಹೆಚ್ಚು. ತಾನು ಸತ್ತರೆ ಬೆನೆಟ್‌ನನ್ನು ಸಹೋದರಿ ನೋಡಿಕೊಳ್ಳಲಿ, ತನ್ನದೆಲ್ಲ ಅವನಿಗೆ ಸೇರಲಿ ಎಂದು ಬರೆದ ಕಡೆ ಮಾತ್ರ ತಾಯಿ ಹೊರಗೆ ಕಾಣುತ್ತಾಳೆ.

ಆಗಸ್ಟ್ 20ರಂದು ಡೊನಾಲ್ಡ್‌ಸನ್ ಹಡಗು ಬಂತು. ಅಡಾ ಬದುಕಿದ್ದಳು, ವಿಕ್ ಕೂಡ. ಪತ್ರಿಕೆಗಳು ಅವಳನ್ನು ಹೆಣ್ಣು ರಾಬಿನ್ಸನ್ ಕ್ರೂಸೋ ಎಂದು ಕೊಂಡಾಡಿದವು. ಆಮೇಲೆ, ನೈಟ್ ಸತ್ತದ್ದು ಇವಳ ಅಸಡ್ಡೆಯಿಂದ ಎಂಬ ಅಪವಾದವನ್ನೂ ಅಚ್ಚುಮಾಡಿದವು. ನೈಟ್‌ನ ಹೆತ್ತವರೇ ಅವಳ ಪರ ನಿಂತರು. ಸಾಹಸದ ಕಥೆ ಬರೆದು ದುಡ್ಡು ಮಾಡಿದವರು ಬೇರೆ. ಅವಳು ತನ್ನ ಪಾಲಿನ ಹಣದಲ್ಲಿ ಮಗನನ್ನು ಸಿಯಾಟಲ್‌ಗೆ ಚಿಕಿತ್ಸೆಗೆ ಕರೆದೊಯ್ದಳು. ಬೆನೆಟ್ 1972ರವರೆಗೆ ಬದುಕಿದ. ಅಡಾ 1983ರ ಮೇ ತಿಂಗಳಲ್ಲಿ, 85ನೇ ವಯಸ್ಸಿಗೆ, ಅಲಾಸ್ಕದಲ್ಲಿ ತೀರಿಕೊಂಡಳು.