ಸ್ಪೋರ್ಟ್ಸ್ ಕಾರಿನ ಟೈರಿಗೆ ಅಗಲವೆಷ್ಟು ಬೇಕು?

ಮೋಟಾರು ಕಾರಿನ ಅಂಗಗಳಲ್ಲಿ ಭೂಮಿಯನ್ನು ಮುಟ್ಟತಕ್ಕದ್ದು ಟೈರೊಂದೇ. ಎಂಜಿನ್ನು ಎಷ್ಟು ಬಲವುಳ್ಳದ್ದಾದರೂ, ಬ್ರೇಕು ಎಷ್ಟು ಬಿಗಿಯಾಗಿದ್ದರೂ, ಅವುಗಳ ಸಾಮರ್ಥ್ಯವೆಲ್ಲವೂ ನಾಲ್ಕು ರಬ್ಬರಿನ ತುಣುಕುಗಳ ಮೂಲಕವೇ ರಸ್ತೆಗೆ ಇಳಿಯಬೇಕು. ಆ ತುಣುಕು ಒಂದೊಂದೂ ಅಂಚೆಯ ಕಾರ್ಡಿಗಿಂತ ಹೆಚ್ಚು ದೊಡ್ಡದಲ್ಲವೆಂದರೆ ವಾಚಕರು ನಂಬಲಾರರು. ಅದರ ಲೆಕ್ಕವನ್ನು ಮುಂದೆ ಕೊಡುವೆವು. ಹೀಗಿದ್ದರೂ ಕಾರು ಕೊಳ್ಳುವಾಗ ಮನೆಮಂದಿಯೆಲ್ಲ ಕುಳಿತು ಬಣ್ಣವನ್ನು ಕುರಿತು ಮಾಡುವ ಚರ್ಚೆಯಲ್ಲಿ ಹತ್ತರಲ್ಲೊಂದು ಪಾಲನ್ನಾದರೂ ಟೈರನ್ನು ಕುರಿತು ಮಾಡುವುದಿಲ್ಲ.

ನಮ್ಮ ತಂಗಿಯ ಮಗನು ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ಉದ್ಯೋಗದಲ್ಲಿರುವನು. ಅಲ್ಲಿ ಅವನು ಟೊಯೋಟಾ 86 ಎಂಬ ಸ್ಪೋರ್ಟ್ಸ್ ಕಾರನ್ನು ಎರಡನೆಯ ಕೈಯಿಂದ ಕೊಂಡನು. ಕೊಂಡ ತಿಂಗಳೊಳಗೆ, ಕಾರ್ಖಾನೆಯವರು ಹಾಕಿದ ಟೈರುಗಳನ್ನೂ ಗಾಲಿಗಳನ್ನೂ ತೆಗೆದುಹಾಕಿ ಅಗಲವಾದವುಗಳನ್ನು ಹಾಕಿಸುವ ಯೋಚನೆ ಹುಟ್ಟಿತು. “ಅಣ್ಣಾ, ಅಗಲವಾದ ಟೈರು ಹಾಕಿಸಿದರೆ ಕಾರು ಎಲ್ಲಿಯೂ ಜಾರುವುದೇ ಇಲ್ಲವಂತೆ, ಹುಡುಗ ಹಾಗೆನ್ನುತ್ತಾನೆ. ನಿಜವೇ?” ಎಂದು ತಂಗಿಯು ನಮ್ಮನ್ನು ಕೇಳಿದಳು. ನಾವು ವ್ಯಾಕರಣವನ್ನು ಪಾಠ ಹೇಳಿದವರು, ಯಂತ್ರಶಾಸ್ತ್ರಜ್ಞರಲ್ಲ. ಆದರೆ ತಾಯಿಯ ನಿದ್ರೆಗೆ ಸಂಬಂಧಿಸಿದ ಪ್ರಶ್ನೆಗೆ ಬಾಯಿಗೆ ಬಂದ ಉತ್ತರವನ್ನು ಕೊಡುವುದು ತಕ್ಕದ್ದಲ್ಲವಷ್ಟೆ. ಆದುದರಿಂದ ವಿಷಯವನ್ನು ಬುಡದಿಂದ ವಿಚಾರ ಮಾಡಿದೆವು.

ಟೈರಿನ ಮಗ್ಗುಲಲ್ಲಿ ಮೂಡಿಸಿರುವ ಅಂಕಾಕ್ಷರಗಳು ಪಾಣಿನಿಯ ಸೂತ್ರಗಳಂತೆ, ವೃತ್ತಿಯಿಲ್ಲದೆ ಅರ್ಥವಾಗವು. ಈ ಕಾರಿಗೆ ಕಾರ್ಖಾನೆಯವರು ಕೊಟ್ಟದ್ದು 215/45 ಆರ್ 17, 87 ಡಬ್ಲ್ಯು. ಇದರಲ್ಲಿ 215 ಎಂಬುದು ಮಿಲಿಮೀಟರುಗಳಲ್ಲಿ ಟೈರಿನ ಅಗಲ. 45 ಎಂಬುದು ಮಗ್ಗುಲಿನ ಎತ್ತರ. ಅದು ಅಗಲದ ನೂರಕ್ಕೆ 45 ಪಾಲು. ಆರ್ ಎಂದರೆ ಒಳಗಿನ ಎಳೆಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಅಡ್ಡಹಾಯ್ದಿರುವ ರೇಡಿಯಲ್ ಟೈರು. 17 ಎಂಬುದು ಅಂಗುಲಗಳಲ್ಲಿ ಲೋಹದ ಗಾಲಿಯ ವ್ಯಾಸ. 87 ಎಂದರೆ ಟೈರೊಂದು 545 ಕಿಲೋಗ್ರಾಂ ಭಾರವನ್ನು ಹೊರಬಲ್ಲದು. ಡಬ್ಲ್ಯು ಎಂದರೆ ಗಂಟೆಗೆ 270 ಕಿಲೋಮೀಟರು ವೇಗವನ್ನು ತಡೆಯಬಲ್ಲದು. ಇಷ್ಟು ತಿಳಿದರೆ ಇಡೀ ಚಕ್ರದ ವ್ಯಾಸವು ಸುಮಾರು 625 ಮಿಲಿಮೀಟರೆಂದು ಮನೆಯಲ್ಲಿಯೇ ಗುಣಿಸಿ ನೋಡಬಹುದು.

ಈ ಕಾರು 2012ರಲ್ಲಿ ಪೇಟೆಗೆ ಬಂದಿತು. ಟೊಯೋಟಾದವರೂ ಸುಬಾರುವಿನವರೂ ಕೂಡಿ ಮಾಡಿದ್ದು. ತೂಕವು ಸುಮಾರು 1,250 ಕಿಲೋಗ್ರಾಂ, ಎಂಜಿನ್ನಿನ ಬಲವು 200 ಅಶ್ವಶಕ್ತಿ, ಎಳೆಯುವುದು ಹಿಂದಿನ ಚಕ್ರಗಳು. ಇದಕ್ಕೆ ಹಾಕಿದ ಮಿಶೆಲಿನ್ ಪ್ರೈಮಸಿ ಎಚ್‌ಪಿ ಎಂಬ ಟೈರು, ಮಿತವ್ಯಯಕ್ಕೆ ಹೆಸರಾದ ಪ್ರಿಯಸ್ ಎಂಬ ಕಾರಿಗೂ ಹಾಕುತ್ತಿದ್ದ ಜಾತಿಯದು. ಸ್ಪೋರ್ಟ್ಸ್ ಕಾರಿಗೆ ಇಂಥ ಟೈರೇ ಎಂದು ಅನೇಕರು ನಕ್ಕರು. ನಕ್ಕವರು ತಯಾರಿಸಿದವರ ಉದ್ದೇಶವನ್ನು ತಿಳಿಯಲಿಲ್ಲವೆಂದೇ ನಮ್ಮ ಅಭಿಪ್ರಾಯ. ಹಿಡಿತವು ಮಿತವಾಗಿದ್ದರೆ ಕಾರು ಜಾರುವುದಕ್ಕೆ ತೊಡಗುವುದು ಕಡಮೆ ವೇಗದಲ್ಲಿಯೇ, ಅದೂ ಮೆಲ್ಲಮೆಲ್ಲನೆ. ನಡೆಸುವವನಿಗೆ ಮುನ್ಸೂಚನೆ ದೊರೆಯುವುದು, ತಿದ್ದಿಕೊಳ್ಳಲು ಸಮಯವಿರುವುದು. ಹಿಡಿತವು ಬಹಳವಾದರೆ ಎಲ್ಲೆಯು ದೂರ ಸರಿಯುವುದು ನಿಜ. ಆದರೆ ಆ ಎಲ್ಲೆಯನ್ನು ಮುಟ್ಟುವ ಹೊತ್ತಿಗೆ ವೇಗವೂ ಬೆಳೆದಿರುವುದು. 2021ರಲ್ಲಿ ಇದೇ ಕಾರಿನ ಎರಡನೆಯ ಆವೃತ್ತಿಯು ಬಂದಾಗ ಎಂಜಿನ್ನು 2 ಲೀಟರಿನಿಂದ 2.4 ಲೀಟರಿಗೆ ಏರಿತು. ಟೈರಿನ ಅಗಲವು ಮಾತ್ರ 215ರಲ್ಲಿಯೇ ನಿಂತಿತು. ಬೆಲೆ ಹೆಚ್ಚಿನ ಬಗೆಗೆ ರಬ್ಬರನ್ನು ಉತ್ತಮಪಡಿಸಿದರು, ಅಗಲವನ್ನು ಮುಟ್ಟಲಿಲ್ಲ. ಮಾಜ್ಡಾದವರ ಎಂಎಕ್ಸ್-5 ಎಂಬ ಪುಟ್ಟ ಕಾರಿಗೆ 1989ರಲ್ಲಿ 185 ಮಿಲಿಮೀಟರು ಅಗಲದ ಟೈರಿದ್ದಿತು. 2015ರ ಆವೃತ್ತಿಯಲ್ಲಿ ಒಂದೂವರೆ ಲೀಟರಿನ ಬಗೆಗೆ 195. ಇಪ್ಪತ್ತಾರು ವರ್ಷಗಳಲ್ಲಿ ಬೆಳೆದದ್ದು ಒಂದು ಸೆಂಟಿಮೀಟರು!

ಇನ್ನು ಅಂಚೆಯ ಕಾರ್ಡಿನ ಲೆಕ್ಕ. ಕಾರಿನ ಭಾರವನ್ನು ನಾಲ್ಕು ಚಕ್ರಗಳಿಗೆ ಹಂಚಿದರೆ ಒಂದೊಂದಕ್ಕೆ 310 ಕಿಲೋಗ್ರಾಮಿನಷ್ಟು ಬರುವುದು. ಟೈರಿನೊಳಗಿನ ಗಾಳಿಯ ಒತ್ತಡವು ಚದರಂಗುಲಕ್ಕೆ 35 ಪೌಂಡು, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು ಎರಡೂವರೆ ಕಿಲೋಗ್ರಾಂ. ಭಾಗಿಸಿದರೆ ನೆಲವನ್ನು ಮುಟ್ಟುವ ಭಾಗವು ಸುಮಾರು 125 ಚದರ ಸೆಂಟಿಮೀಟರು. ನಮ್ಮ ಅಂಚೆಯ ಕಾರ್ಡು 14 ಸೆಂಟಿಮೀಟರು ಉದ್ದ, 9 ಸೆಂಟಿಮೀಟರು ಅಗಲ. 126 ಚದರ ಸೆಂಟಿಮೀಟರು. ಟೈರಿನ ಮಗ್ಗುಲುಗಳೂ ಭಾರದಲ್ಲಿ ಸ್ವಲ್ಪ ಪಾಲನ್ನು ಹೊರುವುದರಿಂದ ಇದು ಸ್ಥೂಲವಾದ ಲೆಕ್ಕ.

ಇದರಿಂದ ಹೊರಡುವ ವಿಚಿತ್ರವನ್ನು ನೋಡಿರಿ. ಭಾರವೂ ಗಾಳಿಯ ಒತ್ತಡವೂ ಬದಲಾಗದಿರುವಾಗ ಅಗಲವಾದ ಟೈರನ್ನು ಹಾಕಿದರೆ ನೆಲವನ್ನು ಮುಟ್ಟುವ ಕ್ಷೇತ್ರವು ಹೆಚ್ಚುಕಡಮೆ ಅಷ್ಟೇ ಇರುವುದು. ಅದರ ಆಕಾರವು ಮಾತ್ರ ಬದಲಾಗುವುದು. ಒಂದೇ ಉಂಡೆಯ ಹಿಟ್ಟನ್ನು ಗೃಹಿಣಿಯು ಉದ್ದವಾಗಿ ಲಟ್ಟಿಸಿದಂತೆ, ಅಥವಾ ಅಡ್ಡವಾಗಿ ಲಟ್ಟಿಸಿದಂತೆ. ಹಾಗಾದರೆ ಅಗಲದಿಂದ ಲಾಭವೇ ಇಲ್ಲವೆ? ಉಂಟು. ತಿರುವಿನಲ್ಲಿ, ಅಡ್ಡಗಲವಾಗಿ ಗಿಡ್ಡಗಿರುವ ತುಣುಕು ಕಡಮೆ ತಿರುಚಿಕೊಂಡು ದಿಕ್ಕನ್ನು ಬೇಗನೆ ಹಿಡಿಯುವುದು; ಬಿಸಿಯು ಹೆಚ್ಚು ರಬ್ಬರಿನಲ್ಲಿ ಹರಡಿಕೊಳ್ಳುವುದು; ಆದುದರಿಂದ ಮೆದುವಾದ ರಬ್ಬರನ್ನು ಬಳಸಲು ಅವಕಾಶವಾಗುವುದು. ಓಟದ ಕಣದಲ್ಲಿ ಸುತ್ತಿನಮೇಲೆ ಸುತ್ತು ಹಾಕುವವರಿಗೆ ಇವು ಬೆಲೆಯುಳ್ಳ ಗುಣಗಳೇ. ಆದರೆ ಪೇಟೆಯಲ್ಲಿ ನಡೆಯುವುದೇನೆಂದರೆ, ಅಗಲವಾದ ಟೈರನ್ನು ಹಾಕಿಸುವವರು ಪ್ರಾಯಶಃ ಅದರೊಂದಿಗೆ ಮೆದುವಾದ, ಹೆಚ್ಚು ಅಂಟುವ ರಬ್ಬರನ್ನೂ ಕೊಳ್ಳುವರು. ಕಾರು ಚೆನ್ನಾಗಿ ಹಿಡಿದು ಓಡಿದರೆ, ಕೆಲಸ ಮಾಡಿದ ರಬ್ಬರನ್ನು ಬಿಟ್ಟು ಅಗಲವನ್ನು ಹೊಗಳುವರು.

ಮಳೆಯಲ್ಲಿ ಮಾತು ತಿರುಗುವುದು. ರಸ್ತೆಯ ಮೇಲೆ 3 ಮಿಲಿಮೀಟರು ನೀರು ನಿಂತಿರುವಾಗ ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಹೋಗುವ 215ರ ಟೈರು ಸೆಕೆಂಡಿಗೆ ಸುಮಾರು 14 ಲೀಟರು ನೀರನ್ನು ಪಕ್ಕಕ್ಕೆ ತಳ್ಳಬೇಕು. 245ರ ಟೈರು 16 ಲೀಟರಿಗಿಂತ ಹೆಚ್ಚು. ಕಣ್ಣು ಮಿಟುಕಿಸುವಷ್ಟರಲ್ಲಿ ಕೊಡದ ನೀರು! ತಳ್ಳಲಾರದೆ ಹೋದರೆ ಟೈರು ನೀರಿನ ಮೇಲೇರಿ ತೇಲುವುದು. ಆಗ ಸ್ಟಿಯರಿಂಗು ತಿರುಗಿಸಿದರೂ ಬ್ರೇಕು ಒತ್ತಿದರೂ ಕಾರು ಕೇಳದು. ಮುಟ್ಟುವ ಭಾಗವು ಗಿಡ್ಡವಾದಷ್ಟೂ ನೀರು ಹೊರಹೋಗಲು ದೊರೆಯುವ ಕಾಲವು ಕಡಮೆಯಾಗುವುದೆಂಬುದನ್ನೂ ನೆನೆಯಬೇಕು. ಕ್ಯಾಲಿಫೋರ್ನಿಯಾದಲ್ಲಿ ಬೇಸಗೆಯೆಲ್ಲ ಒಣಗಿದ್ದು ಚಳಿಗಾಲಕ್ಕೆ ಮಳೆ ಬೀಳುವುದು. ತಿಂಗಳುಗಟ್ಟಲೆ ರಸ್ತೆಯಲ್ಲಿ ಕೂತ ಎಣ್ಣೆಯ ಜಿಡ್ಡು ಮೊದಲ ಮಳೆಗೆ ಮೇಲೇಳುವುದು. ಆ ದಿನ ಅಗಲವೇ ತನ್ನನ್ನು ಕಾಪಾಡುವುದೆಂದು ನಂಬಿ ಹೊರಡುವವನಿಗಾಗಿ ನಮಗೆ ಭಯವಾಗುವುದು.

ಖರ್ಚಿನ ಮಾತೂ ಇದೆ. ಈ ಕಾರಿನ ಲೋಹದ ಗಾಲಿಯ ಅಗಲವು 7 ಅಂಗುಲ. 245/40 ಆರ್ 17 ಎಂಬ ಟೈರಿಗೆ ಕನಿಷ್ಠ 8 ಅಂಗುಲ ಬೇಕು. ಆದುದರಿಂದ ಟೈರಿನೊಡನೆ ಗಾಲಿಗಳನ್ನೂ ಕೊಳ್ಳಬೇಕು. ಗಾಲಿಯು ಒಳಗೆ ಹೆಚ್ಚು ಚಾಚಿದರೆ ಸ್ಪ್ರಿಂಗಿನ ಕಂಬಕ್ಕೆ ತಾಗುವುದು, ಹೊರಗೆ ಚಾಚಿದರೆ ಮಡ್‌ಗಾರ್ಡಿಗೆ ಉಜ್ಜುವುದು. ಭಾರ ಹೆಚ್ಚಿದ ಚಕ್ರವನ್ನು ತಿರುಗಿಸಲು ಎಂಜಿನ್ನಿಗೂ ಪೆಟ್ರೋಲಿಗೂ ಶ್ರಮ. ವ್ಯಾಸವನ್ನು ಲೆಕ್ಕಿಸದೆ 235/45 ಆರ್ 17 ಹಾಕಿದರೆ ವ್ಯಾಸವು 643 ಮಿಲಿಮೀಟರಾಗಿ ವೇಗದ ಮುಳ್ಳು ನೂರಕ್ಕೆ ಮೂರರಷ್ಟು ಹಿಂದೆ ಬೀಳುವುದು. ವಿಮೆಯವರಿಗೆ ತಿಳಿಸದೆ ಈ ಬದಲಾವಣೆಗಳನ್ನು ಮಾಡುವುದೂ ಜಾಣತನವಲ್ಲ. ನಮ್ಮ ದೇಶದಲ್ಲಿಯಾದರೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯು ತಯಾರಕರ ನಿರ್ದೇಶಕ್ಕೆ ಹೊರತಾದ ಮಾರ್ಪಾಟನ್ನು ನಿರ್ಬಂಧಿಸುವುದು. ಇಲ್ಲಿಯವರು ಕೇಳಿ ತಿಳಿದುಕೊಂಡೇ ಕೈಹಾಕಬೇಕು.

ಇಷ್ಟನ್ನೂ ದೂರವಾಣಿಯಲ್ಲಿ ಸೋದರಳಿಯನಿಗೆ ಹೇಳಿದೆವು. “ಮಾಮಾ, ನೋಡುವುದಕ್ಕೂ ಚೆನ್ನಾಗಿರುತ್ತದೆ” ಎಂದನು. ಇದನ್ನು ನಾವು ತಿರಸ್ಕರಿಸಲಿಲ್ಲ. ಅಲಂಕಾರಶಾಸ್ತ್ರವನ್ನು ಓದಿದವರು ಅಲಂಕಾರವನ್ನು ಹಳಿಯಲಾಗದು. ಅಲಂಕಾರವು ಅರ್ಥವನ್ನು ಕೆಡಿಸಬಾರದೆಂಬುದಷ್ಟೇ ನಮ್ಮ ಹಟ. “ಓಟದ ಕಣಕ್ಕೆ ವರ್ಷಕ್ಕೆ ಎಷ್ಟು ದಿನ ಹೋಗುವೆ?” ಎಂದು ಕೇಳಿದೆವು. ಒಂದು ದಿನವೂ ಹೋಗಿರಲಿಲ್ಲ. ಹಾಗಾದರೆ ಹಳೆಯ ಟೈರು ಸವೆದಿದ್ದಲ್ಲಿ ಅದೇ ಅಳತೆಯಲ್ಲಿ ಉತ್ತಮವಾದ ರಬ್ಬರಿನ ಟೈರುಗಳನ್ನು ಹಾಕಿಸು. ಆಸೆ ತೀರದಿದ್ದರೆ 225/45 ಆರ್ 17 ಇರುವ ಗಾಲಿಗೇ ಕೂರುವುದು, ವ್ಯಾಸವೂ ನೂರಕ್ಕೆ ಒಂದೂವರೆಯೊಳಗೆ ಹೆಚ್ಚುವುದು. 245ರ ಮಾತು ಕಣದ ಅಭ್ಯಾಸ ಹತ್ತಿದ ಮೇಲೆ, ಬೇರೆ ಗಾಲಿಗಳ ಜೊತೆಯೊಂದನ್ನು ಇಟ್ಟುಕೊಂಡು ಎಂದೆವು. ಹುಡುಗನು ಎರಡು ವಾರ ಮೌನವಾಗಿದ್ದು, ಕೊನೆಗೆ 215ರಲ್ಲಿಯೇ ನಾಲ್ಕು ಒಳ್ಳೆಯ ಟೈರುಗಳನ್ನು ಹಾಕಿಸಿದನು. ಉಳಿದ ಹಣದಲ್ಲಿ ಒಂದು ದಿನ ಕಣದಲ್ಲಿ ಗುರುಮುಖೇನ ಕಾರು ನಡೆಸುವುದನ್ನು ಕಲಿತು ಬಂದನಂತೆ. ಕಾರು ಜಾರುವುದಿಲ್ಲವೆಂದು ನಾವು ತಂಗಿಗೆ ಹೇಳಲಿಲ್ಲ. ಜಾರಿದಾಗ ಏನು ಮಾಡಬೇಕೆಂಬುದನ್ನು ಮಗನು ಅಭ್ಯಾಸ ಮಾಡಿರುವನೆಂದು ಹೇಳಿದೆವು.

ಅಗಲವು ಯಾವುದೇ ಆಗಲಿ, ಎರಡು ಸಂಗತಿಗಳನ್ನು ಮನೆಯವರು ಯಾರಾದರೂ ನೋಡಿಕೊಳ್ಳಬಹುದು. ಟೈರಿನ ಮಗ್ಗುಲಲ್ಲಿ ಡಾಟ್ ಎಂಬ ಅಕ್ಷರಗಳಿಂದ ತೊಡಗುವ ಸಾಲಿನ ಕೊನೆಯ ನಾಲ್ಕು ಅಂಕಗಳು ಹುಟ್ಟಿದ ದಿನವನ್ನು ಹೇಳುವುವು. 2319 ಎಂದಿದ್ದರೆ 2019ರ 23ನೆಯ ವಾರ. ಭಾನುವಾರ ಮಾತ್ರ ಹೊರಗೆ ಬರುವ ಸ್ಪೋರ್ಟ್ಸ್ ಕಾರುಗಳಲ್ಲಿ ಟೈರು ಸವೆಯುವ ಮೊದಲೇ ಮುಪ್ಪಾಗಿ ಗಡುಸಾಗುವುದುಂಟು. ಗಾಳಿಯ ಒತ್ತಡವನ್ನು ತಿಂಗಳಿಗೊಮ್ಮೆ, ಕಾರು ಓಡುವ ಮೊದಲು, ಟೈರು ತಣ್ಣಗಿರುವಾಗ ಅಳೆಯಬೇಕು; ಎಷ್ಟಿರಬೇಕೆಂಬುದನ್ನು ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿರುವ ಚೀಟಿಯಲ್ಲಿ ಬರೆದಿರುವರು.