ಟೆರಾಬೈಟಿನ ಲೆಕ್ಕ

ಲಗ್ಗೆರೆಯ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಒಂದು ಟಿಬಿ ಎಂದು ಅಚ್ಚಾದ ಹಾರ್ಡ್‌ಡಿಸ್ಕನ್ನು ಕೊಂಡು, ಮನೆಗೆ ತಂದು, ವಿಂಡೋಸ್ ಇರುವ ಯಂತ್ರಕ್ಕೆ ಜೋಡಿಸಿದವರಿಗೆ, ತೆರೆಯ ಮೇಲೆ 931 ಜಿಬಿ ಎಂಬ ಸಂಖ್ಯೆ ಕಂಡೊಡನೆ, ಉಳಿದುದು ಎಲ್ಲಿ ಹೋಯಿತೆಂಬ ಸಂದೇಹ ಹುಟ್ಟುವುದು ಸಹಜವೇ ಸರಿ. ಆದರೆ ಮಾರಿದವನು ವಂಚಿಸಿದನೆಂದು ಭಾವಿಸುವುದು ಅನ್ಯಾಯ; ಅಂಗಡಿಯಾತ ಕೊಟ್ಟುದೂ ಪೂರ್ಣ, ಯಂತ್ರ ಎಣಿಸಿದುದೂ ಸರಿ.

ದತ್ತಾಂಶದ ಅತ್ಯಂತ ಕಿರಿಯ ಮಾನ ಬಿಟ್. ಸೊನ್ನೆ, ಒಂದು, ಇವೆರಡರಲ್ಲೊಂದನ್ನು ಮಾತ್ರ ಅದು ಧರಿಸಬಲ್ಲದು. ಎಂಟು ಬಿಟ್ ಕೂಡಿದರೆ ಒಂದು ಬೈಟ್. ಇಂದು ಬಹುವಾಗಿ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಲಗ್ಗೆರೆ ಎಂದು ಕನ್ನಡದಲ್ಲಿ ಬರೆದಿಟ್ಟರೆ, ಕಣ್ಣಿಗೆ ಮೂರೇ ಅಕ್ಷರಗಳಾಗಿ ಕಂಡರೂ, ಒಳಗೆ ಲ, ಗ, ಹಲಂತದ ಚಿಹ್ನೆ, ಮತ್ತೊಂದು ಗ, ಎತ್ವ, ರ, ಪುನಃ ಎತ್ವ ಎಂದು ಏಳು ಸಂಕೇತಗಳಿರುತ್ತವೆ. ಒಂದೊಂದಕ್ಕೆ ಮೂರು ಬೈಟಿನಂತೆ ಒಟ್ಟು 21 ಬೈಟ್, ಅಂದರೆ 168 ಬಿಟ್. ಅದೇ ಹೆಸರಿಗೆ ಇಂಗ್ಲಿಷಿನಲ್ಲಿ ಏಳು ಬೈಟ್ ಸಾಕು. ನೆರೆಯ ಪೀಣ್ಯದ ಸಿಎನ್‌ಸಿ ಯಂತ್ರಗಳಿಗೆ ಕೊಡುವ ಜಿ-ಕೋಡ್ ಆದೇಶಗಳೂ ಇಂಗ್ಲಿಷ್ ಅಕ್ಷರ, ಅಂಕಿಗಳ ಸರಳ ಪಠ್ಯವೇ ಆದುದರಿಂದ, ಸಾಧಾರಣ ಬಿಡಿಭಾಗವೊಂದರ ಪ್ರೋಗ್ರಾಮು ಕೆಲವೇ ಕಿಲೋಬೈಟುಗಳಲ್ಲಿ ಮುಗಿದುಹೋಗುತ್ತದೆ.

ತೊಡಕು ಆರಂಭವಾಗುವುದು ಈ ಕಿಲೋದಲ್ಲಿ. ಕಿಲೋಗ್ರಾಮಿನಲ್ಲಿ, ಕಿಲೋಮೀಟರಿನಲ್ಲಿ ಅದರ ಬೆಲೆ 1000. ಗಣಕದ ಸ್ಮೃತಿಯಾದರೋ ದ್ವಿಮಾನದ್ದು. ವಿಳಾಸ ಹೊತ್ತೊಯ್ಯುವ ತಂತಿ ಒಂದೊಂದು ಹೆಚ್ಚಿದಂತೆಲ್ಲ ಗುರುತಿಸಬಲ್ಲ ಕೋಶಗಳ ಸಂಖ್ಯೆ ಇಮ್ಮಡಿಯಾಗುತ್ತ, ಹತ್ತನೆಯ ತಂತಿಗೆ 1024 ಆಗುತ್ತದೆ. ಸಾವಿರಕ್ಕೆ ಸಮೀಪವಿದೆಯೆಂದು ಎಂಜಿನಿಯರುಗಳು ಅದನ್ನೂ ಕಿಲೋ ಎಂದೇ ಕರೆದರು. ಕಾಂತೀಯ ಡಿಸ್ಕಿಗೆ ಈ ಇಮ್ಮಡಿಯ ನಿರ್ಬಂಧವಿಲ್ಲವಾಗಿ, ಅದರ ತಯಾರಕರು ಸಾವಿರದ ಲೆಕ್ಕವನ್ನೇ ಹಿಡಿದರು. ಕಿಲೋದಲ್ಲಿ ಶೇಕಡಾ 2.4ರಷ್ಟಿದ್ದ ಅಂತರ ಮೆಗಾದಲ್ಲಿ 4.9, ಗಿಗಾದಲ್ಲಿ 7.4 ಆಗಿ, ಟೆರಾದಲ್ಲಿ ಹತ್ತನ್ನು ಮುಟ್ಟುತ್ತದೆ. ಒಂದು ಟಿಬಿಯ ಲಕ್ಷ ಕೋಟಿ ಬೈಟುಗಳನ್ನು 1024ರ ಲೆಕ್ಕದ ಗಿಗಾ ಆದ 1,07,37,41,824ರಿಂದ ಭಾಗಿಸಿದರೆ ಬರುವುದೇ ಆ 931.

ಹಿಂದೆ ನಮ್ಮ ಸಂತೆಗಳಲ್ಲಿ ಕಚ್ಚಾ ಸೇರು, ಪಕ್ಕಾ ಸೇರು ಎಂದು ಎರಡಿದ್ದು, ಯಾವುದೆಂದು ಹೇಳದೆ ಬರಿದೆ ಸೇರೆಂದರೆ ವ್ಯವಹಾರ ಕೆಡುತ್ತಿದ್ದಂತೆಯೇ ಇದೂ. 1.44 ಎಂಬಿ ಎಂದು ಪ್ರಸಿದ್ಧವಾಗಿದ್ದ ಫ್ಲಾಪಿಯಲ್ಲಂತೂ ಒಂದು ಮೆಗಾ ಎಂದರೆ 1000ವನ್ನು 1024ರಿಂದ ಗುಣಿಸಿದ್ದು. ಎರಡು ಅಳತೆಗಳೂ ಅಲ್ಲಿ ಬೆರೆತಿದ್ದವು. ಅಂತರರಾಷ್ಟ್ರೀಯ ವಿದ್ಯುತ್‌ತಾಂತ್ರಿಕ ಆಯೋಗವು 1998ರಲ್ಲಿ 1024ರ ಮಾನಗಳಿಗೆ ಕಿಬಿ, ಮೆಬಿ, ಗಿಬಿ, ಟೆಬಿ ಎಂಬ ಪ್ರತ್ಯೇಕ ನಾಮಗಳನ್ನಿತ್ತಿತು. 2009ರಿಂದ ಆ್ಯಪಲ್ ಕಂಪನಿಯ ಮ್ಯಾಕ್‌ಗಳು ಸಾವಿರದ ಲೆಕ್ಕವನ್ನು ತೋರಿಸುತ್ತವೆ. ವಿಂಡೋಸ್ ಮಾತ್ರ ಗಿಬಿಬೈಟುಗಳನ್ನು ಎಣಿಸಿ ಜಿಬಿ ಎಂದೇ ಬರೆಯುತ್ತ ಬಂದಿದೆ. ಹೊಸ ಹೆಸರುಗಳು ಕಿವಿಗೆ ಒರಟಾಗಿರಬಹುದು. ಆದರೂ ಗ್ರಾಹಕನ ಸಂಶಯವನ್ನು ಕಳೆಯಲು ಅವುಗಳಿಗಿಂತ ನೇರವಾದ ಉಪಾಯ ನನಗೆ ಕಾಣದು.

ಈ ವಿವೇಚನೆಯ ಪ್ರಯೋಜನ ದೊಡ್ಡ ದತ್ತಾಂಶ ಕೇಂದ್ರಗಳಿಗಷ್ಟೇ ಅಲ್ಲ. ಲಗ್ಗೆರೆಯ ಸಣ್ಣ ವರ್ಕ್‌ಶಾಪೊಂದಕ್ಕೆ ನಾಲ್ಕು ಸಿಸಿ ಕ್ಯಾಮೆರಾ ಹಾಕಿಸಿ, ಒಂದು ಟಿಬಿ ಡಿಸ್ಕಿನಲ್ಲಿ ಎಷ್ಟು ದಿನದ ರೆಕಾರ್ಡಿಂಗ್ ನಿಂತೀತೆಂದು ಮಾಲೀಕ ಕೇಳಿದನೆನ್ನೋಣ. ಒಂದೊಂದು ಕ್ಯಾಮೆರಾ ಸೆಕೆಂಡಿಗೆ ಎರಡು ಮೆಗಾಬಿಟ್ ಕಳುಹಿಸಿದರೆ, ಎಂಟರಿಂದ ಭಾಗಿಸಿ, ಸೆಕೆಂಡಿಗೆ 2,50,000 ಬೈಟ್. ದಿನದ 86,400 ಸೆಕೆಂಡಿಗೆ 21.6 ಗಿಗಾಬೈಟ್, ನಾಲ್ಕಕ್ಕೆ 86.4. ಸಾವಿರ ಗಿಗಾಬೈಟನ್ನು ಅದರಿಂದ ಭಾಗಿಸಿದರೆ ಸುಮಾರು ಹನ್ನೊಂದೂವರೆ ದಿನ. ಇಂಗ್ಲಿಷಿನ ಸಣ್ಣ ಬಿ ಬಿಟ್‌ಗೂ ದೊಡ್ಡ ಬಿ ಬೈಟಿಗೂ ಗುರುತೆಂಬುದನ್ನು ಮರೆತು, ಮೆಗಾಬಿಟ್ಟನ್ನು ಮೆಗಾಬೈಟೆಂದು ಓದಿದವನಿಗೆ ಒಂದೂವರೆ ದಿನವೂ ದೊರೆಯದು. ತೆರೆಯ ಮೇಲಿನ 931ನ್ನು ಹಿಡಿದು 86.4ರಿಂದ ಭಾಗಿಸುವುದೂ ತಪ್ಪೇ, ಏಕೆಂದರೆ ಭಾಜ್ಯ ಗಿಬಿಬೈಟಿನಲ್ಲಿದ್ದು ಭಾಜಕ ಗಿಗಾಬೈಟಿನಲ್ಲಿರುತ್ತದೆ. 86.4ನ್ನೂ ಗಿಬಿಬೈಟಿಗೆ ತಿರುಗಿಸಿದರೆ ದಿನಕ್ಕೆ ಸುಮಾರು 80.5 ಆಗಿ, ಲೆಕ್ಕ ಮತ್ತೆ ಹನ್ನೊಂದೂವರೆ ದಿನಕ್ಕೇ ಬಂದು ನಿಲ್ಲುತ್ತದೆ.